ದಾರ ಕೊರೆದ ಬೆರಳು

ಹರಪನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಟೈಲರ್ ಅಂಗಡಿ ನಡೆಸುತ್ತಿರುವ ಉಜ್ಜಿನಪ್ಪನಿಗೆ ಊರಿನ ಗಂಡಸರ ವಿಷಯದಲ್ಲಿ ಒಂದು ಸಂಗತಿ ಬಹಳ ಮೊದಲೇ ಖಚಿತವಾಗಿತ್ತು. ಅವರು ಸೂಜಿಯನ್ನು ಒಪ್ಪುವುದು ಅದಕ್ಕೆ ಯಂತ್ರ ಜೋಡಿಸಿದಾಗ ಮಾತ್ರ. ಕಾಲಲ್ಲಿ ತುಳಿಯುವ ಮಿಷನ್ನಿನ ಮುಂದೆ ಕೂತರೆ ಗಂಡಸು ದುಡಿಯುತ್ತಿದ್ದಾನೆ. ಅದೇ ಸೂಜಿಯನ್ನು ಎರಡು ಬೆರಳಲ್ಲಿ ಹಿಡಿದು ಕೂತರೆ ಅವನಿಗೆ ಏನೋ ಆಗಿದೆ. ಹೂವಿನಹಡಗಲಿಯ ಪೇಟೆಯಲ್ಲಿ ದಪ್ಪ ಮೀಸೆಯವರು ಸಾಲಾಗಿ ಕೂತು ಮಲ್ಲಿಗೆ ಕಟ್ಟುತ್ತಾರೆ; ಅದು ವ್ಯಾಪಾರವಂತೆ. ಅದೇ ಮೀಸೆಯವನು ತನ್ನ ಮನೆಯ ಪಡಸಾಲೆಯಲ್ಲಿ ಖುಷಿಗೆಂದು ಒಂದು ಮೊಳ ಕಟ್ಟಲಿ, ಓಣಿಯ ಅರ್ಧ ಜನ ಅವನ ಕಿಟಕಿಗೆ ಬಂದು ನಿಲ್ಲುತ್ತಾರೆ.

ಪೇಟೆಯ ಟೈಲರುಗಳ ಪದ್ಧತಿಯೂ ಇದಕ್ಕೆ ತಕ್ಕಂತೆಯೇ ಇತ್ತು. ಕತ್ತರಿ ಮತ್ತು ಮಿಷನ್ನು ಅಂಗಡಿಯಲ್ಲಿ, ಗಂಡಸಿನದು. ಕಾಜಾ, ಗುಂಡಿ, ಸೀರೆಯ ಫಾಲ್, ಸೆರಗಿನ ಕುಚ್ಚು, ಹೀಗೆ ಬರಿಗೈಯಿಂದ ಆಗಬೇಕಾದದ್ದೆಲ್ಲ ಚೀಲ ಸೇರಿ ಮನೆಯ ಹೆಂಗಸರ ಕಡೆಗೆ. ಉಜ್ಜಿನಪ್ಪನ ಚೀಲವೂ ತಪ್ಪದೆ ಅಂಗಡಿಯ ಬೆನ್ನಿಗಿದ್ದ ಅವನ ಮನೆಗೆ ಹೋಗುತ್ತಿತ್ತು. ಚೀಲದ ಹಿಂದೆಯೇ ಉಜ್ಜಿನಪ್ಪನೂ ಹೋಗುತ್ತಿದ್ದ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಷಟರ್ ಅರ್ಧ ಎಳೆದು, ಒಳಕೋಣೆಯಲ್ಲಿ ಚಾಪೆ ಹಾಸಿ, ರೇಷ್ಮೆ ದಾರದ ಎಳೆಗಳನ್ನು ಎಡಗೈಯ ತೋರುಬೆರಳಿಗೆ ಬಿಗಿಹಿಡಿದು ಕುಚ್ಚು ಕಟ್ಟುತ್ತಿದ್ದವನು ಅವನು. ಹಾಗೆ ಬಿಗಿಹಿಡಿದ ದಾರ ಆ ಬೆರಳಿನ ಒಳಮಗ್ಗುಲಲ್ಲಿ ಒಂದು ಗೆರೆಯನ್ನೇ ಕೊರೆದಿತ್ತು.

ಅವನ ಹೆಂಡತಿ ನಾಗಲಿಂಗಮ್ಮನಿಗೆ ಸೂಜಿಯ ಕಣ್ಣಿಗೆ ದಾರ ಪೋಣಿಸುವಷ್ಟು ತಾಳ್ಮೆಯೂ ಇರಲಿಲ್ಲ. ಮೂರು ಎಕರೆ ಹೊಲದ ಉಸ್ತುವಾರಿ ಅವಳದು. ಮೆಕ್ಕೆಜೋಳದ ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿ ಅದರಲ್ಲಿ ಎಷ್ಟು ತೇವವಿದೆಯೆಂದು ಹೇಳಬಲ್ಲಳು; ಮಾರುಕಟ್ಟೆಯ ದಲ್ಲಾಳಿಗಳು ಅಳತೆಯ ಯಂತ್ರವನ್ನು ಬದಿಗಿಟ್ಟು ಅವಳ ಮುಖ ನೋಡುತ್ತಿದ್ದರು.

ಉಜ್ಜಿನಪ್ಪ ಈ ಕೈಕೆಲಸ ಕಲಿತದ್ದು ಒಂಬತ್ತನೆಯ ವಯಸ್ಸಿನಲ್ಲಿ, ತಾಯಿ ಬಾಗಿಲಿಗೆ ಮಣಿಯ ತೋರಣ ಹೆಣೆಯುವಾಗ ಪಕ್ಕದಲ್ಲಿ ಕೂತು. ತಂದೆ ನೋಡಿದವನೇ ಕ್ರೋಶಾ ಕಡ್ಡಿಯನ್ನು ಬಣವೆಯ ಕಡೆಗೆ ಎಸೆದ. ಸೋದರಮಾವ ಅಂದಿನಿಂದ ಅವನನ್ನು “ಉಜ್ಜವ್ವ” ಎಂದು ಕರೆಯತೊಡಗಿದ. ಹುಡುಗನಿಗೆ ಮೀಸೆ ಬರುವವರೆಗೂ ಆ ಹಾಸ್ಯ ಮಾವನಿಗೆ ಹಳತೆನಿಸಲಿಲ್ಲ. ಗಂಡಸರಿಗೆ ಒಂದು ಹಾಸ್ಯ ಹತ್ತು ವರ್ಷ ಬಾಳಿಕೆ ಬರುತ್ತದೆ.

ಹದಿನೆಂಟು ವರ್ಷಗಳ ಹಿಂದೆ ಜೋಳದ ವ್ಯಾಪಾರಿ ಗುರುಸಂಗಪ್ಪನ ಹೆಂಡತಿ ಜಂಬಕ್ಕ ತನ್ನ ಸೀರೆಯನ್ನು ತೆಗೆದುಕೊಂಡು ಹೋಗಲು ಬಂದವಳು ಸೆರಗನ್ನು ಬೆಳಕಿಗೆ ಹಿಡಿದು, “ನಾಗಲಿಂಗಮ್ಮನ ಕೈ ಭಾಳ ಚೊಲೊ ಐತಿ ನೋಡ್ರಿ,” ಎಂದಿದ್ದಳು. ಉಜ್ಜಿನಪ್ಪ ಸುಮ್ಮನಿದ್ದ. ಅವನು ಸುಳ್ಳು ಹೇಳಲಿಲ್ಲ, ಸುಮ್ಮನಿದ್ದ ಅಷ್ಟೆ. ಅಂದಿನಿಂದ ನಾಗಲಿಂಗಮ್ಮನ ಕೈ ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ಮದುವೆ ಮನೆಗಳವರೆಗೂ ಹೆಸರಾಯಿತು.

ಈ ಗುಟ್ಟು ಮೊದಲು ಕಂಡದ್ದು ಬೀರಲಿಂಗೇಶನಿಗೆ. ಚಿಗಟೇರಿಯಿಂದ ದಿನವೂ ಬಸ್ಸಿಗೆ ಬಂದು ಹರಪನಹಳ್ಳಿಯಲ್ಲಿ ಎಂಟನೆಯ ತರಗತಿ ಓದುತ್ತಿದ್ದ, ಕುರಿ ಸಾಕುವ ಮನೆಯ ಹುಡುಗ. ಕಳೆದ ಡಿಸೆಂಬರಿನ ಒಂದು ಶನಿವಾರ, ಸಮವಸ್ತ್ರದ ಪ್ಯಾಂಟು ಉದ್ದ ಮಾಡಿಸಲು ಬಂದವನು, ಷಟರ್ ಅರ್ಧ ಇಳಿದದ್ದನ್ನು ಕಂಡು ಹಿತ್ತಲಿನಿಂದ ಒಳಬಂದ. ಚಾಪೆಯ ಮೇಲೆ ಟೈಲರ್. ಟೈಲರನ ತೊಡೆಯ ಮೇಲೆ ಯಾರದೋ ಮದುವೆ ಸೀರೆ. ಹುಡುಗ ನಗುತ್ತಾನೆಂದು ಉಜ್ಜಿನಪ್ಪ ಕಾದ. ಹುಡುಗ ಮಂಡಿಯೂರಿ ಕೂತ.

“ಮಾವ, ಈ ಗಂಟು ಬಿಚ್ಚಿಕೊಳ್ಳಲ್ದಂಗ ಹೆಂಗ ನಿಂತೈತ್ರಿ?”

“ಒಳಗೊಂದು ಗಂಟು ಐತಲೇ. ಕಾಣಂಗಿಲ್ಲ.”

“ಕಾಣದಿದ್ದದ್ದನ್ನ ತೋರ್ಸ್ರಿ ಮತ್ತ.”

ನಾಲ್ಕು ತಿಂಗಳು, ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ, ಹುಡುಗ ತಪ್ಪದೆ ಬಂದ. ಮಾರ್ಚಿನ ಹೊತ್ತಿಗೆ ತನ್ನದೇ ಒಂದು ಕುಚ್ಚು ಕಟ್ಟಿದ: ಕುರಿಗಳ ಬೆನ್ನಿಗೆ ಗುರುತು ಹಚ್ಚುವ ಕೆಂಪು ಮತ್ತು ಹಸಿರು, ನಡುವೆ ಜೋಳದ ಕಾಳಿನ ಬಣ್ಣದ ಮಣಿ. ಕಟ್ಟಿ ಮುಗಿಸಿ ಅದನ್ನು ಕಿವಿಯ ಬಳಿ ಅಲ್ಲಾಡಿಸಿ ನಕ್ಕ. ಕೆಲಸ ಮಾಡುತ್ತಾ ಯಾರಾದರೂ ಹಾಗೆ ನಕ್ಕದ್ದನ್ನು ಉಜ್ಜಿನಪ್ಪ ಕಂಡು ಎಷ್ಟೋ ಕಾಲವಾಗಿತ್ತು. ತಾನಂತೂ ಕದ್ದು ತಿನ್ನುವವನ ಹಾಗೆ ಬಾಯಿ ಬಿಗಿಹಿಡಿದೇ ಇಷ್ಟು ವರ್ಷ ಕಟ್ಟಿದ್ದ.

ಏಪ್ರಿಲ್ ಕೊನೆಯ ವಾರದಲ್ಲಿ ಹುಡುಗನ ತಂದೆ ಚೌಡಣ್ಣ ಮಗನನ್ನು ರಟ್ಟೆ ಹಿಡಿದು ಕರೆತಂದ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು.

“ಟೈಲರ್ ಅಣ್ಣಾರ, ಇದು ನಿಮ್ಮ ಮನಿದೇನ್ರಿ?” ದಾರದ ಉಂಡೆಯೊಂದನ್ನು ಮೇಜಿನ ಮೇಲೆ ಎಸೆದ. “ನನ್ನ ಮಗನ ಚೀಲದಾಗ ಸಿಕ್ಕೈತಿ. ಪುಸ್ತಕದ ನಡುವ ರೇಷ್ಮಿ ದಾರ! ಊರಾಗ ಕಟ್ಟಿ ಮ್ಯಾಲ ಕುಂತವ್ರು ‘ಬೀರವ್ವ ಬಂದ್ಲು, ಜಾಗ ಬಿಡ್ರಪ್ಪ’ ಅಂತಾರ.”

ಈ ಮಾತೆಲ್ಲ ಆಡುವಾಗ ಚೌಡಣ್ಣನ ಹೆಗಲಿನ ಚೀಲದಿಂದ ಉಣ್ಣೆ ನೂಲುವ ಕದಿರು ಹೊರಗೆ ಇಣುಕುತ್ತಿತ್ತು. ಕುರಿಗಳ ಹಿಂದೆ ನಡೆಯುತ್ತಲೇ ದಿನವಿಡೀ ನೂಲು ತೆಗೆಯುವ ಮನುಷ್ಯ ಆತ. ಉಣ್ಣೆಯ ನೂಲಿಗೆ ಗಂಡಸುತನವಿದೆ, ರೇಷ್ಮೆಯ ನೂಲಿಗೆ ಇಲ್ಲ ಎಂದು ಅವನಿಗೆ ಯಾರು ಹೇಳಿದರೋ, ಉಜ್ಜಿನಪ್ಪನಿಗೆ ತಿಳಿಯಲಿಲ್ಲ.

“ಒಬ್ಬ ಗಂಡಸನ್ನ ತೋರ್ಸ್ರಿ,” ಎಂದ ಚೌಡಣ್ಣ. “ಕುಚ್ಚು ಕಟ್ಟೋ ಗಂಡಸು ಈ ತಾಲೂಕಿನಾಗ ಒಬ್ಬ ಇದ್ರ ತೋರ್ಸ್ರಿ, ಇವನಿಗೆ ದಾರ ನಾನಾ ತಂದುಕೊಡ್ತೀನಿ. ಇಲ್ಲಂದ್ರ ಜೂನಿನಿಂದ ಶಾಲಿ ಇಲ್ಲ, ಏನಿಲ್ಲ. ಕುರಿ ಹಿಂದ ಹಾಕ್ತೀನಿ.”

ಗಿರಾಕಿಗಳಲ್ಲೊಬ್ಬ ಕಿಸಕ್ಕೆಂದ. ಉಜ್ಜಿನಪ್ಪ ಬಾಯಿ ತೆರೆದ, ಅದರಿಂದ ಹೊರಬಂದದ್ದು ಇಷ್ಟು: “ನಮ್ಮ ಮನಿಯಾಕಿ ಕಲಿಸ್ಯಾಳ. ಹುಡುಗ್ರು ಬಿಡ್ರಿ, ಏನೋ ಆಟ.”

ಬೀರಲಿಂಗೇಶ್ ಅವನ ಮುಖ ನೋಡಲಿಲ್ಲ, ಎಡಗೈಯ ಬೆರಳನ್ನು ನೋಡಿದ. ಉಜ್ಜಿನಪ್ಪ ಕೈಯನ್ನು ಮೇಜಿನ ಕೆಳಗೆ ಇಳಿಸಿದ. ಸೋದರಮಾವ ಸತ್ತು ಇಪ್ಪತ್ತು ವರ್ಷವಾಗಿತ್ತು. ಆದರೂ ಅಂದು ಅಂಗಡಿಯಲ್ಲಿ ಮಾತಾಡಿದವನು ಅವನೇ.

ಗಂಡ ಊಟಕ್ಕೆ ಕೂತಾಗ ವಿಷಯ ಕೇಳಿದ ನಾಗಲಿಂಗಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ನಾ ಕಲಿಸೀನಾ? ಏನ್ ಕಲಿಸೀನ್ರಿ, ಜೋಳ ಕಚ್ಚಾದನ್ನಾ? ನಿಮ್ಮ ಮಾನ ಉಳ್ಸಾಕ ಹದಿನೆಂಟು ವರ್ಷ ಮಾಡದಿದ್ದ ಕೆಲಸಕ್ಕ ಹೊಗಳಿಸ್ಕೊಂಡೀನಿ. ಈಗ ಆ ಮಹಿಳಾ ಮಂಡಳಿಯವ್ರು ಸನ್ಮಾನ ಮಾಡ್ತಾರಂತ, ಶ್ರೇಷ್ಠ ಕುಶಲಕರ್ಮಿ ಮಹಿಳೆ ಅಂತ. ಸ್ಟೇಜಿನ ಮ್ಯಾಲ ಒಂದು ಗಂಟು ಹಾಕಿ ತೋರ್ಸ್ರಿ ಅಂದ್ರ ನಾ ಏನ್ ಮಾಡ್ಲಿ, ಸೀರಿ ಗಂಟು ಕಟ್ಟಿಕೊಂಡು ಓಡಿ ಬರ್ಲಾ?”

“ನಾನೂ ಬರ್ತೀನಿ ತಗಾ,” ಎಂದ ಉಜ್ಜಿನಪ್ಪ.

“ಬಂದು?”

ಅವನು ರೊಟ್ಟಿ ಮುರಿದುಕೊಂಡ. ಮರುದಿನ ಬೆಳಗಿನ ಬಸ್ಸಿಗೆ ಚಿಗಟೇರಿಗೆ ಹೋಗಿ, ಕುರಿಹಟ್ಟಿಯಲ್ಲಿ ನಿಂತಿದ್ದ ಚೌಡಣ್ಣನಿಗೆ, “ಮುಂದಿನ ತಿಂಗಳ ಎರಡನೇ ಭಾನುವಾರ ಹುಡುಗನ್ನ ಕರ್ಕೊಂಡು ಹರಪನಹಳ್ಳಿ ಕಲ್ಯಾಣ ಮಂಟಪಕ್ಕ ಬರ್ರಿ, ಸನ್ಮಾನ ಐತಿ. ನೀವು ಕೇಳಿದ ಗಂಡಸನ್ನ ತೋರಿಸ್ತೀನಿ,” ಎಂದಷ್ಟೇ ಹೇಳಿ ಅದೇ ಬಸ್ಸಿಗೆ ಹಿಂತಿರುಗಿದ.

ಮಹಿಳಾ ಮಂಡಳಿಯ ಅಧ್ಯಕ್ಷೆ ಜಂಬಕ್ಕ. ಮುಖ್ಯ ಅತಿಥಿ ಅವಳ ಗಂಡ ಗುರುಸಂಗಪ್ಪ. ಪ್ರತಿ ವರ್ಷವೂ ಅವನೇ. ಮಹಿಳೆಯರ ಸ್ವಾವಲಂಬನೆಯ ಕುರಿತು ಅವನು ನಲವತ್ತು ನಿಮಿಷ ಮಾತಾಡಿದ. ಆ ಹೊತ್ತಿನಲ್ಲಿ ಎರಡು ಬಾರಿ ಹೆಂಡತಿಗೆ ನೀರು ತರಲು ಸನ್ನೆ ಮಾಡಿದ. ಬಳಿಕ ನಾಗಲಿಂಗಮ್ಮನ ಹೆಸರು ಕೂಗಿದರು. ಅವಳು ವೇದಿಕೆ ಹತ್ತಿ ಮೈಕಿನ ಮುಂದೆ ನಿಂತು, “ನಂಗ ಕುಚ್ಚು ಕಟ್ಟಾಕ ಬರಂಗಿಲ್ರಿ. ಅವ್ರು ಕಟ್ತಾರ,” ಎಂದು ಗಂಡನ ಕಡೆ ಕೈ ತೋರಿಸಿದಳು. ಸಭೆ ಗೊಳ್ಳೆಂದಿತು. ಎಂಥ ವಿನಯ ಎಂದು ಜಂಬಕ್ಕ ಕಣ್ಣೊರೆಸಿಕೊಂಡಳು.

ಉಜ್ಜಿನಪ್ಪ ಎದ್ದು ಹೋದ. ವೇದಿಕೆಯ ಅಂಚಿನಲ್ಲಿ ಕೂತು, ಜೇಬಿನಿಂದ ದಾರ ತೆಗೆದು, ಹೆಂಡತಿಯ ಸೆರಗಿನ ತುದಿಯನ್ನು ತೊಡೆಯ ಮೇಲೆ ಎಳೆದುಕೊಂಡ. ಎಳೆ ಹಿಡಿದ, ಮಡಿಸಿದ, ಒಳಗಂಟು ಹಾಕಿದ, ಜರಿ ಸುತ್ತಿದ, ತುದಿ ಕತ್ತರಿಸಿದ. ಮೊದಲನೆಯದು ಮುಗಿಯುವ ಹೊತ್ತಿಗೆ ನಗು ನಿಂತಿತ್ತು. ಐದನೆಯದನ್ನು ಮುಗಿಸಿ ಅವನು ತಲೆಯೆತ್ತಿದ.

“ಇವೆಲ್ಲ ನಾನು ಕಟ್ಟಿದ್ದು,” ಎಂದ. “ಇಷ್ಟು ವರ್ಷದ್ದೂ ನಂದಾ. ಜಂಬಕ್ಕಾರ, ನೀವು ಉಟ್ಟಿದ್ದೂ.”

ಮುನ್ನೂರು ಜನರ ಕಣ್ಣೆದುರು ನಡೆದದ್ದನ್ನು ಅಲ್ಲಗಳೆಯಲು ಗುರುಸಂಗಪ್ಪನಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. ಮೈಕು ಎತ್ತಿಕೊಂಡು ಹೇಳಿದ: “ನೋಡ್ರಿ, ಹೆಂಡ್ತಿ ಕಲಿಸಿದ್ದನ್ನ ಎಷ್ಟು ಭಕ್ತಿಯಿಂದ ಕಲ್ತಾರ! ಅಕಿಗೆ ಹೆಸರು ಬರ್ಲಿ ಅಂತ ಈ ವಯಸ್ಸಿನಾಗ ಸ್ಟೇಜ್ ಹತ್ತಿ ಇಂಥಾ ಕೆಲಸ ಮಾಡ್ಯಾರ. ಜೋರಾಗಿ ಚಪ್ಪಾಳಿ ಹೊಡೀರಿ!”

ಚಪ್ಪಾಳೆ ಬಿತ್ತು. ಶಾಲು ನಾಗಲಿಂಗಮ್ಮನಿಗೇ ಬಿತ್ತು. ಅವಳು ಅದನ್ನು ಕೊಡವಿ ಗಂಡನ ಹೆಗಲಿಗೆ ಹಾಕಿದಳು. ದಾಂಪತ್ಯದ ಆದರ್ಶವೆಂದು ಅದಕ್ಕೂ ಚಪ್ಪಾಳೆಯಾಯಿತು. ಕಂಡದ್ದನ್ನು ನಂಬದೆ, ನಂಬಿದ್ದನ್ನೇ ಕಂಡು, ಊರಿನ ಗಣ್ಯರು ಉಪ್ಪಿಟ್ಟಿಗೆ ಎದ್ದರು.

ಹೊರಗೆ ಬೇವಿನ ಮರದ ಕೆಳಗೆ, ಸಭೆಯಿಂದ ಎದ್ದು ಬಂದ ಚೌಡಣ್ಣ ಮಗನೊಂದಿಗೆ ನಿಂತಿದ್ದ. ಇವನೂ ಅದನ್ನೇ ಹೇಳುತ್ತಾನೆ ಎಂದುಕೊಂಡು ಉಜ್ಜಿನಪ್ಪ ಹತ್ತಿರ ಹೋದ. ಚೌಡಣ್ಣ ಅವನ ಎಡಗೈಯನ್ನು ಹಿಡಿದು, ಕುರಿಯ ಗೊರಸು ನೋಡುವವನಂತೆ ತಿರುಗಿಸಿ, ತೋರುಬೆರಳಿನ ಗೆರೆಯ ಮೇಲೆ ಉಗುರು ಓಡಿಸಿದ. ಆಮೇಲೆ ತನ್ನ ಎಡಗೈಯನ್ನು ಅದರ ಪಕ್ಕದಲ್ಲಿ ಹಿಡಿದ. ಉಣ್ಣೆಯ ನೂಲು ಜಾರಿ ಜಾರಿ ಕೊರೆದ ಗೆರೆ ಅದೇ ಜಾಗದಲ್ಲಿತ್ತು, ತುಸು ಅಗಲ.

“ಇದು ನಿನ್ನೆ ಮೊನ್ನೆ ಹೆಂಡ್ತಿ ಕಲಿಸಿದ್ರ ಬರೋ ಗೆರಿ ಅಲ್ರಿ,” ಎಂದ ನಿಧಾನವಾಗಿ. “ಹದಿನೈದು ವರ್ಷನಾದ್ರೂ ಬೇಕು ಇದಕ್ಕ. ಒಳಗಿರೋ ಆ ದೊಡ್ಡ ಮನಿಷಾಗ ಕಣ್ಣಿಲ್ಲೇನು?”

“ಐತಿ. ಉಪ್ಪಿಟ್ಟು ನೋಡ್ತೈತಿ.”

ಚೌಡಣ್ಣ ನಗಲಿಲ್ಲ. “ಕೊಟ್ಟ ಮಾತು ಕೊಟ್ಟಂಗ. ಕಲೀಲಿ, ಶಾಲಿಗೂ ಬರ್ಲಿ. ಆದ್ರ ನಮ್ಮೂರಾಗ ಮಿಷನ್ ಕಲ್ಯಾಕ ಹೋಗ್ಯಾನ ಅಂತ ಹೇಳ್ತೀನ್ರಿ ಅಣ್ಣಾರ. ಅಷ್ಟು ನಡೆಸ್ಕೊಡ್ರಿ.”

ಅದೇ ಹಳೆಯ ಅರ್ಧ ಷಟರ್. ಉಜ್ಜಿನಪ್ಪ ಹುಡುಗನ ಕಡೆ ನೋಡಿದ.

“ಹಂಗ ಹೇಳಾದಾದ್ರ ಕಳಸಬ್ಯಾಡ್ರಿ. ಆ ಭಾರ ನಾನು ಹದಿನೆಂಟು ವರ್ಷ ಹೊತ್ತೀನಿ. ಇವನ ತಲಿ ಮ್ಯಾಲ ಹೊರಸಂಗಿಲ್ಲ.”

ಚೌಡಣ್ಣ ಕದಿರನ್ನು ಕೈಗೆತ್ತಿಕೊಂಡ, ಒಂದು ಸುತ್ತು ತಿರುಗಿಸಿದ, ಮತ್ತೆ ಚೀಲಕ್ಕೆ ಹಾಕಿದ. ಕಳಿಸುತ್ತೇನೆಂದಾಗಲಿ ಕಳಿಸುವುದಿಲ್ಲವೆಂದಾಗಲಿ ಹೇಳದೆ ಮಗನನ್ನು ಕರೆದುಕೊಂಡು ಬಸ್ಸಿನ ಕಡೆ ನಡೆದ.

ಜೂನಿನ ಮೊದಲ ಶನಿವಾರ ಬೀರಲಿಂಗೇಶ್ ಶಾಲೆಯ ಚೀಲ ಹೊತ್ತು ಅಂಗಡಿಯ ಮುಂಬಾಗಿಲಿಂದಲೇ ಬಂದ. ಕೈಯಲ್ಲಿ ಒಂದು ಪೊಟ್ಟಣ. ಅಪ್ಪ ತಂದುಕೊಟ್ಟ ದಾರವಂತೆ: ಕಂಬಳಿಯ ಅಂಚಿಗೂ ಒರಟೆನಿಸುವ ಕೆಂಪು ಹತ್ತಿ ನೂಲು, ಕುಚ್ಚಿಗೆ ಯಾವ ರೀತಿಯಲ್ಲೂ ಒದಗದ್ದು.

“ಊರಾಗ ಏನಂದ್ರಲೇ ನಿಮ್ಮಪ್ಪ?”

“‘ಕುಚ್ಚು ಕಟ್ಟಾಕ ಹೊಂಟಾನ, ಏನೀಗ?’ ಅಂದ್ರು. ಕಟ್ಟಿ ಮ್ಯಾಲಿನವ್ರು ‘ಬೀರವ್ವ’ ಅಂದ್ರು. ಅಪ್ಪ ಕದಿರು ತೋರಿಸಿ, ‘ಹಂಗಾದ್ರ ನಾ ಚೌಡವ್ವ, ಬರ್ರಿ ಉಡಿ ತುಂಬ್ರಿ’ ಅಂದ್ರು.”

ಉಜ್ಜಿನಪ್ಪ ಚಾಪೆಯನ್ನು ಒಳಕೋಣೆಯಿಂದ ತಂದು ಅಂಗಡಿಯ ಮುಂದಿನ ಹಲಗೆಯ ಮೇಲೆ, ರಸ್ತೆಗೆ ಮುಖವಾಗಿ ಹಾಸಿದ. ಹೋಗಿಬರುವವರು ನಿಂತು ನೋಡಿದರು. ಕೆಲವರು ಫೋಟೋ ತೆಗೆದರು. ಒಬ್ಬಿಬ್ಬರು ಹೆಂಡತಿಗೆ ಮೈ ಹುಷಾರಿಲ್ಲವೇ ಎಂದು ವಿಚಾರಿಸಿದರು.

ಜುಲೈಯಲ್ಲಿ ಜಂಬಕ್ಕ ತನ್ನ ಸೊಸೆಯ ಸೀರೆ ಒಯ್ಯಲು ಬಂದಳು. ಕೆಂಪು, ಹಸಿರು, ನಡುವೆ ಜೋಳದ ಬಣ್ಣದ ಮಣಿ. ಸೆರಗನ್ನು ಬೆಳಕಿಗೆ ಹಿಡಿದು, ಎದುರಿಗೆ ಕೂತ ಇಬ್ಬರ ತಲೆಯ ಮೇಲಿಂದ ಅಂಗಡಿಯ ಒಳಗೆ ಇಣುಕಿದಳು.

“ಭಾಳ ಚಂದ ಆಗೈತಿ. ನಾಗಲಿಂಗಮ್ಮಾಗ ಹೇಳ್ರಿ.”

ಉಜ್ಜಿನಪ್ಪ ತಲೆಯೆತ್ತುವ ಮೊದಲೇ, ಬೆರಳಿಗೆ ಬಿಗಿದ ಎಳೆಯನ್ನು ಸಡಿಲಿಸದೆ, ಬೀರಲಿಂಗೇಶ್ ಹೇಳಿದ:

“ಅತ್ತಿಯವ್ರು ಜೋಳ ಮಾರಾಕ ಹೋಗ್ಯಾರ್ರಿ. ಇದನ್ನ ಕಟ್ಟಿದಂವ ನಾನು. ನನಗಾ ಹೇಳ್ರಿ.”