ಅಂಗಿ ತೊಟ್ಟ ಮರಳಿನ ಚೀಲ

ಇವತ್ತು ಬೆಳಿಗ್ಗೆ ನಲ್ಲಿ ರಿಪೇರಿಯವನು ಬಂದಿದ್ದ. ಪೈಪಿಗೆ ಸುತ್ತಲು ಚೀಲದಿಂದ ಒಂದು ಹಿಡಿ ಸೆಣಬಿನ ನಾರು ತೆಗೆದು ಬೆರಳಲ್ಲಿ ಹಿಂಜಿದ. ಅಷ್ಟೇ ನೋಡಿ, ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಮೈ ಜುಮ್ಮೆಂದಿತು. ಒಣಹುಲ್ಲು, ಕೆರೆಯ ಕೆಸರು ಎರಡೂ ಬೆರೆತಂಥ ವಾಸನೆ. ಕೈಯಲ್ಲಿದ್ದ ಕಾಫಿ ಲೋಟ ಇಟ್ಟು ಬಾಗಿಲಾಚೆ ಮೆಟ್ಟಿಲ ಕಡೆ ನೋಡಿದೆ. ಏನೂ ಇರಲಿಲ್ಲ. ಏನಿರುತ್ತೆ, ಮಣ್ಣು! ನೀವು ನಗಬಹುದು, ಕುವೈತಿನ ಅಬು ಹಲೀಫಾದ ಆ ಕಟ್ಟಡದಲ್ಲಿ ನನ್ನ ಜೊತೆ ಇದ್ದಿದ್ದರೆ ನೀವೂ ನೋಡುತ್ತಿದ್ದಿರಿ.

ತೊಂಬತ್ತನೆಯ ಇಸವಿ. ನಮ್ಮ ಯಜಮಾನರಿಗೆ ಅಹ್ಮದಿಯ ಎಣ್ಣೆ ಕಂಪನಿಯಲ್ಲಿ ಕೆಲಸ. ನಮ್ಮ ಮನೆ ಸಮುದ್ರದ ಹತ್ತಿರ, ಐದಂತಸ್ತಿನ ಕಟ್ಟಡದ ತುತ್ತತುದಿಯಲ್ಲಿ. ಜುಲೈ ಕೊನೆಗೆ ಯಜಮಾನರ ಸೋದರಮಾವನ ಸ್ನೇಹಿತರಾದ ನಂಜುಂಡಪ್ಪನವರು ಊರಿಂದ ಬಂದಿಳಿದರು. ಸೆಣಬಿನ ಕೈಗಾರಿಕೆಗೆ ಆಸರೆಯಾಗಲೆಂದು ನಮ್ಮ ರಾಜ್ಯ ಸರ್ಕಾರ ಮಾಡಿದ್ದ ಆಯೋಗದಲ್ಲಿ ಅವರು ಅಧಿಕಾರಿ. ಇಂಥದ್ದೊಂದು ಆಯೋಗ ಇದೆಯೆಂದೇ ನನಗೆ ಗೊತ್ತಿರಲಿಲ್ಲ, ಬಾಯಿ ತಪ್ಪಿ ಹಾಗೆಂದೂ ಬಿಟ್ಟೆ. "ಬಿಡಮ್ಮ, ಸರ್ಕಾರಕ್ಕೇ ಎಷ್ಟೋ ಸಲ ಮರ್ತೋಗುತ್ತೆ" ಅಂದರು.

ಅವರ ತಲೆನೋವು ಒಂದೇ. ಒಂದು ಹಳ್ಳಿಯಲ್ಲಿ ಹೆಂಗಸರು ಹಗ್ಗ ಹೊಸೆಯುವ ಕೇಂದ್ರವಿತ್ತು. ರಾಟೆ, ನಾರು, ಕೂಲಿ ಎಲ್ಲ ಆಯೋಗದ್ದೇ. ನೈಲಾನ್ ಬಂದ ಮೇಲೆ ಕೇಳುವವರಿಲ್ಲ. ಹೊರದೇಶಕ್ಕೆ ಹಗ್ಗ ಹೋಗುತ್ತದೆಂದು ತೋರಿಸಿದರೆ ಕೇಂದ್ರ ಉಳಿಯುತ್ತದೆ, ಇಲ್ಲದಿದ್ದರೆ ಬೀಗ. ಕುವೈತ್ ನಗರದ ಅಂಚಿನ ರಾಯ್‌ನಲ್ಲಿ ಮರದ ದೋಣಿಗಳಿಗೆ ಸಾಮಾನು ಒದಗಿಸುವ ಕುವೈತಿ ಮುದುಕನೊಬ್ಬ ಇವರ ಹಗ್ಗ ಮೂಸಿ, ಎಳೆದು ನೋಡಿ, "ಸಮುದ್ರದ ಗಾಳಿಯಲ್ಲಿ ತೂಕ ಕಟ್ಟಿ ತಿಂಗಳೊಪ್ಪತ್ತು ತೂಗುಹಾಕು. ಜಗ್ಗದಿದ್ದರೆ ಕೊಳ್ಳುತ್ತೇನೆ" ಎಂದನಂತೆ.

ಅಷ್ಟು ಉದ್ದದ ಹಗ್ಗ ತೂಗುಹಾಕುವುದೆಲ್ಲಿ? ನಮ್ಮ ಕಟ್ಟಡದ ಮೆಟ್ಟಿಲುಗಳು ಸುತ್ತಿ ಸುತ್ತಿ ಇಳಿಯುತ್ತಿದ್ದವು, ನಡುವೆ ಬಾವಿಯಂಥ ಖಾಲಿ ಜಾಗ. ಈ ಪುಣ್ಯಾತ್ಮರು ನಮ್ಮ ಬಾಗಿಲೆದುರಿನ ಕಂಬಿಗೆ ಹಗ್ಗ ಬಿಗಿದು, ಕೆಳತುದಿಗೆ ಆಳೆತ್ತರದ ಮರಳಿನ ಚೀಲ ಕಟ್ಟಿ ನೆಲಕ್ಕೆ ತಾಗದ ಹಾಗೆ ಇಳಿಬಿಟ್ಟರು. ಎರಡು ತುದಿಗೂ ಆಯೋಗದ ಸೀಸದ ಮುದ್ರೆ. ಮಧ್ಯೆ ಕತ್ತರಿಸಿದರೆ ಪರೀಕ್ಷೆ ರದ್ದು.

ಅದಾದ ಮೂರ್ನಾಲ್ಕು ದಿನಕ್ಕೆ ಇರಾಕಿನ ಸೈನ್ಯ ಬಂತು.

ಕಟ್ಟಡ ಒಂದೊಂದೇ ಮನೆಯಾಗಿ ಖಾಲಿಯಾಯಿತು. ಕೊನೆಗೆ ಉಳಿದವರು ನಾವು ಮತ್ತು ಎರಡನೇ ಮಹಡಿಯ ಒಂಟಿ ಪ್ಯಾಲೆಸ್ತೀನಿ ಮುದುಕಿ ಉಮ್ಮ್ ಸಾಲೆಹ್. ಕರೆಂಟಿಲ್ಲದ ದಿನ ಹಾಡುಹಗಲೇ ಮೆಟ್ಟಿಲ ಮೇಲೆ ಕತ್ತಲು. ಆ ಕತ್ತಲಲ್ಲಿ ಚೀಲ ತಾನೇ ತಾನಾಗಿ ತಿರುಗುವುದು. ಒಂದಷ್ಟು ಹೊತ್ತು ಬಲಕ್ಕೆ, ನಿಂತು ಏನೋ ಯೋಚಿಸಿದ ಹಾಗೆ ಮಾಡಿ, ಎಡಕ್ಕೆ. ಸಮುದ್ರದ ಕಡೆಯಿಂದ ತೇವದ ಗಾಳಿ ಬೀಸಿದ ಬೆಳಿಗ್ಗೆ ಅದು ಒಂದು ಗೇಣು ಮೇಲೆ ಬಂದಿರುತ್ತಿತ್ತು. ಮರಳುಗಾಡಿನ ಒಣಗಾಳಿಗೆ ಮತ್ತೆ ಇಳಿಯುತ್ತಿತ್ತು. ಇಡೀ ಕಟ್ಟಡಕ್ಕೆ ಕೇಳುವಂತೆ ಕಿರ್ ಎನ್ನುವ ಸದ್ದು.

"ತೇವಕ್ಕೆ ನಾರು ಉಬ್ಬುತ್ತೆ, ಹಗ್ಗ ಗಿಡ್ಡ ಆಗುತ್ತೆ. ಅಷ್ಟೇ ಕಣಮ್ಮ" ಎಂದು ನಂಜುಂಡಪ್ಪನವರು ಸಮಾಧಾನ ಹೇಳುತ್ತಿದ್ದರು.

"ಅಷ್ಟೇ ಆದ್ರೆ ನೀವ್ಯಾಕೆ ಆ ಕಡೆ ಮುಖ ಮಾಡದೆ ಇಳೀತೀರಿ?" ಎಂದೆ.

"ಕೊಳ್ಳೋನೇ ಓಡೋದ, ಇನ್ನಾದ್ರೂ ಇಳಿಸಿ ಪುಣ್ಯ ಕಟ್ಕೊಳಿ" ಎಂದು ಗೋಗರೆದೆ. ಜಪ್ಪಯ್ಯ ಅನ್ನಲಿಲ್ಲ. "ಅವನು ಹೋದ್ರೆ ಇನ್ನೊಬ್ಬ ಸಿಕ್ತಾನೆ. ಜಗ್ಗದೇ ಇರೋ ಹಗ್ಗಾನ ಮುದ್ರೆ ಸಮೇತ ಆಯೋಗದ ಮೇಜಿನ ಮೇಲೆ ಇಡ್ಬೇಕು ತಾಯಿ. ಬರೀ ಬಾಯಿಮಾತು ಅಲ್ಲಿ ನಡೆಯಲ್ಲ."

ಅಕ್ಕಪಕ್ಕದ ಕಟ್ಟಡಗಳಿಗೆ ಸೈನಿಕರು ನುಗ್ಗಿ ಫ್ರಿಜ್ಜು, ಟೀವಿ ಹೊರುತ್ತಿದ್ದರು. ನನಗೊಂದು ಕಿತಾಪತಿ ಹೊಳೆಯಿತು. ಯಜಮಾನರ ಬಿಳಿ ಅಂಗಿಯೊಂದನ್ನು ತಂದು ಚೀಲಕ್ಕೆ ತೊಡಿಸಿ, ಕತ್ತಿನವರೆಗೂ ಗುಂಡಿ ಹಾಕಿದೆ. ಹೊಲದ ಬೆರ್ಚಪ್ಪನನ್ನು ಕಂಡವಳಲ್ಲವೇ ನಾನು! ಹಾಕಿ ಮುಗಿಸಿ ಹಿಂದೆ ಸರಿದಾಗ ಅದು ಮೆಲ್ಲಗೆ ನನ್ನ ಕಡೆ ತಿರುಗಿತು. ಸತ್ತೆನೋ ಕೆಟ್ಟೆನೋ ಎಂದು ಐದು ಮಹಡಿ ಓಡಿದೆ.

ಎರಡು ದಿನ ಬಿಟ್ಟು ಒಂದು ಮಧ್ಯಾಹ್ನ ಕೆಳಗೆ ಬೂಟಿನ ಸದ್ದು. ನಮ್ಮ ಪುಟ್ಟ ಮಗಳ ಬಾಯಿ ಮುಚ್ಚಿ ಹಿಡಿದು ಬಾಗಿಲ ಹಿಂದೆ ನಿಂತೆವು. ಟಾರ್ಚಿನ ಬೆಳಕು ಗೋಡೆಯ ಮೇಲೆ ಆಡಿತು, ನಿಂತಿತು. ಕಿರ್ ಎಂದಿತು ಹಗ್ಗ. ಯಾರೋ ದೇವರ ಹೆಸರು ಹೇಳಿದರು, ಇನ್ಯಾರೋ "ಯಲ್ಲಾ, ಯಲ್ಲಾ" ಎಂದು ಅರಚುತ್ತ ಹೊರಗೋಡಿದರು. ಆಮೇಲೆ ಆ ಕಟ್ಟಡಕ್ಕೆ ಯಾರೂ ಕಾಲಿಡಲಿಲ್ಲ. ಮಗಳು ಅದರ ಪಕ್ಕ ಇಳಿಯುವಾಗ "ಗುಡ್ ಮಾರ್ನಿಂಗ್ ಅಂಕಲ್" ಅನ್ನತೊಡಗಿದಳು. ಬೇಡ ಅನ್ನಲು ನನಗೆ ಧೈರ್ಯ ಸಾಲಲಿಲ್ಲ.

ಕೊನೆಗೆ ಜೋರ್ಡಾನ್ ಕಡೆಗೆ ಹೋಗುವ ಬಸ್ಸಿನಲ್ಲಿ ನಮಗೆ ಜಾಗ ಸಿಕ್ಕಿತು. ನಂಜುಂಡಪ್ಪನವರು ಹಗ್ಗ ಅಳೆದರು. ಹೆಬ್ಬೆರಳಿನಷ್ಟೂ ಜಗ್ಗಿರಲಿಲ್ಲ. ಅವರ ಮುಖದಲ್ಲಿ ಅಂಥ ನಗು ನಾನು ಅದುವರೆಗೆ ಕಂಡಿರಲಿಲ್ಲ. ಗಂಟು ಬಿಚ್ಚಲು ಕಂಬಿಗೆ ಕೈ ಹಾಕಿದರು. ಆಗ ಉಮ್ಮ್ ಸಾಲೆಹ್ ಕಂಬಿ ಹಿಡಿದು ಏದುತ್ತ ಹತ್ತಿ ಬಂದಳು. ಅವಳಿಗೆ ಹೋಗಲು ಊರೂ ಇಲ್ಲ, ಕಾಲಲ್ಲಿ ಶಕ್ತಿಯೂ ಇಲ್ಲ.

"ಅವನನ್ನೂ ಕರ್ಕೊಂಡು ಹೋದ್ರೆ ನನಗ್ಯಾರು?" ಎಂದಳು ಅರಬಿಯಲ್ಲಿ. ಯಜಮಾನರು ಕನ್ನಡದಲ್ಲಿ ಹೇಳಿದರು.

ನಂಜುಂಡಪ್ಪನವರು ಗಂಟಿನ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು. ಕೆಳಗೆ ಬಸ್ಸು ಹಾರನ್ ಹೊಡೆಯುತ್ತಿತ್ತು. ಆಮೇಲೆ, ಬಿಚ್ಚಬೇಕಿದ್ದ ಗಂಟಿಗೆ ಇನ್ನೊಂದು ಸುತ್ತು ಬಿಗಿದು, ಬರಿಗೈಯಲ್ಲಿ ಮೆಟ್ಟಿಲಿಳಿದರು. ಬಸ್ಸಿನಲ್ಲಿ ಅವರು ಅತ್ತದ್ದನ್ನು ನಾನು ನೋಡಿದೆ.

ಮಾರನೆಯ ವರ್ಷ ಯುದ್ಧ ಮುಗಿದು ಕಂಪನಿ ಯಜಮಾನರನ್ನು ಕರೆಸಿಕೊಂಡಿತು. ನಾನು ಹೋದಾಗಲೂ ಎಣ್ಣೆಬಾವಿಗಳು ಉರಿಯುತ್ತಿದ್ದವು. ನಡು ಮಧ್ಯಾಹ್ನ ಕಾರುಗಳಿಗೆ ದೀಪ. ನಮ್ಮ ಕಟ್ಟಡದ ಗೋಡೆ, ಕಂಬಿ, ಮೆಟ್ಟಿಲು ಎಲ್ಲದರ ಮೇಲೂ ಜಿಡ್ಡು ಮಸಿ. ಬಾಗಿಲು ತಳ್ಳಿ ಒಳಗಿಟ್ಟ ಹೆಜ್ಜೆ ಅಲ್ಲೇ ನಿಂತಿತು. ಅವನು ತೂಗುತ್ತಲೇ ಇದ್ದ. ಅಂಗಿ ಮಾತ್ರ ಬೆಳ್ಳಗಿತ್ತು, ಆಗಷ್ಟೇ ಒಗೆದು ಇಸ್ತ್ರಿ ಮಾಡಿದಷ್ಟು.

ಮೇಲಿನಿಂದ ಉಮ್ಮ್ ಸಾಲೆಹ್ ಬಗ್ಗಿ ನೋಡಿದಳು. ಬಡಕಲಾಗಿದ್ದಳು, ಆದರೆ ಬದುಕಿದ್ದಳು! "ಪ್ರತಿ ಶುಕ್ರವಾರ ಒಗೀತೀನಿ" ಎಂದಳು. "ಒಬ್ಬನೂ ಒಳಗೆ ಬರಲಿಲ್ಲ. ನೀವು ಹೋದ ಮೇಲೆ ಇವನು ಒಣಗಾಳಿಗೂ ಕೆಳಗಿಳಿಯಲಿಲ್ಲ."

ಫೋನು ಸಿಕ್ಕ ಕೂಡಲೇ ಊರಿಗೆ ಮಾಡಿದೆ. "ಹಗ್ಗ ಇದೆ, ಮುದ್ರೆನೂ ಇದೆ, ತರ್ಲಾ ನಂಜುಂಡಪ್ಪನೋರೆ?"

"ಆ ಅಜ್ಜಿ ಇದ್ದಾರಾ?"

"ಇದ್ದಾರೆ."

"ಹಂಗಾದ್ರೆ ಅಲ್ಲೇ ಇರ್ಲಿ ಬಿಡಮ್ಮ. ಕೇಂದ್ರಕ್ಕೆ ಸಂಕ್ರಾಂತಿ ಕಳೀತಿದ್ದಂಗೇ ಬೀಗ ಬಿತ್ತು."

ಇಷ್ಟು ವರ್ಷ ನಾನಿದನ್ನು ದೆವ್ವದ ಕಥೆಯಂತೆ ಹೇಳಿ, ಮನೆಗೆ ಬಂದವರನ್ನೆಲ್ಲ ಹೆದರಿಸಿ ಖುಷಿಪಟ್ಟೆ. ಇವತ್ತು ಯಾಕೋ ಬೇರೆಯೇ ಯೋಚನೆ ಬಂತು. ಹಗ್ಗ ಹೊಸೆದ ಆ ಹೆಂಗಸರಿಗೆ ಆಯೋಗದವರು ಹೇಳಿ ಕಳಿಸಿದ್ದು ನಿಮ್ಮ ಹಗ್ಗ ಯಾರಿಗೂ ಬೇಡ ಎಂದು. ಅವರು ಹಾಗೆಂದೇ ನಂಬಿ ಮುದುಕಿಯರಾಗಿರುತ್ತಾರೆ. ನಂಜುಂಡಪ್ಪನವರು ಈಗಿಲ್ಲ, ಯಜಮಾನರೂ ಇಲ್ಲ. ಹಳ್ಳಿಯ ಹೆಸರು ನನಗೆ ನೆನಪಿದೆ. ನಾಳೆ ಬೆಳಿಗ್ಗೆ ಕಾರು ತೆಗಿ ಎಂದು ಮಗಳಿಗೆ ಹೇಳಿದ್ದೇನೆ.