ಚಿಕ್ಕಮುನಿಯಪ್ಪನ ಕಲ್ಲುತಾತ

ಸರ್ಜಾಪುರದ ಆಚೆ, ನಮ್ಮ ಅಪಾರ್ಟ್‌ಮೆಂಟಿನ ಹಿಂದೆ, ಒಂದು ಕೆರೆ ಮತ್ತು ಹುಣಸೆಮರಗಳ ಗುಂಡುತೋಪು ಇನ್ನೂ ಉಳಿದಿವೆ. ಉಳಿಸಿದವನು ಚಿಕ್ಕಮುನಿಯಪ್ಪ. ನಾವು ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತ ಪರಿಸರದ ಬಗ್ಗೆ ಕಳವಳಪಡುತ್ತಿದ್ದಾಗ ಆತ ಲೇಔಟಿನವರ ಜೆಸಿಬಿ ಮುಂದೆ ಚಾಪೆ ಹಾಸಿ ಮಲಗಿದ್ದ. ತೋಪಿನ ನಡುವೆ ಅವನ ವಂಶದ ವೀರಗಲ್ಲಿದೆ. ಕಳ್ಳರಿಂದ ದನ ಬಿಡಿಸಲು ಹೋಗಿ ಅಲ್ಲೇ ಸತ್ತ ಪೂರ್ವಿಕ; ಮನೆಯವರ ಬಾಯಲ್ಲಿ ಕಲ್ಲುತಾತ. ಆ ಮನೆಯ ಪ್ರತಿ ಮಗುವಿನ ಮೊದಲ ಮುಡಿಯೂ ತಾತನ ಮುಂದೆ ಇಳಿಯಬೇಕು, ಕೂದಲನ್ನು ಅವನ ಬುಡದಲ್ಲೇ ಹೂಳಬೇಕು.

"ಬೇಲಿ ಆಕ್ಸಿ ಸಾಮಿ, ಗಟ್ಟಿ ಬೇಲಿ" ಎಂದು ಬಂದ ಅಧಿಕಾರಿಗಳಿಗೆಲ್ಲ ಆತ ಕೈಮುಗಿದ. ಹಾಕಿದರು. ತೋಪು ಪಾರಂಪರಿಕ ಉದ್ಯಾನವಾಯಿತು. ಕಲ್ಲಿನ ಎಣ್ಣೆ, ಅರಿಸಿನ ತೊಳೆದು ಸುತ್ತ ಗಾಜು ನಿಲ್ಲಿಸಿದರು. ನನ್ನಂಥವರಿಗೆ ಹೊಟ್ಟೆ ಕರಗಿಸಲು ದಾರಿಯೂ ಆಯಿತು. ದಾರಿ ಸವೆಯುತ್ತಿದೆ, ಹೊಟ್ಟೆ ಹಾಗೇ ಇದೆ.

ಕಳೆದ ಭಾನುವಾರ ಆತ ಮಗ ಲೋಕೇಶ, ಸೊಸೆ ದೀಪಶ್ರೀ, ಮೊಮ್ಮಗ ಮತ್ತು ಕ್ಷೌರಿಕನೊಂದಿಗೆ ಬಂದ. ರಾಯಚೂರಿನ ಕಡೆಯ ಕಾವಲುಗಾರ ಬಸಲಿಂಗ ಗೇಟಿನಲ್ಲೇ ತಡೆದ.

"ಯಜ್ಜಾ, ಕತ್ತಿ ಒಳಗ ಬಿಡಂಗಿಲ್ರೀ. ಎಣ್ಣಿನೂ ಇಲ್ಲ."

"ನಮ್ ತಾತ ಕಣಪ್ಪ ಅವ್ನು!"

"ನಿಮ್ ತಾತಗೂ ಈಗ ಸಾಹೇಬ್ರು ಅದಾರ. ನನ್ ಕೆಲ್ಸ ಹೋಕ್ಕೈತಿ."

ಅಷ್ಟರಲ್ಲಿ ಉದ್ಯಾನದ ಮ್ಯಾನೇಜರ್ ರುದ್ರೇಶ್ ನಗುತ್ತ ಬಂದ. "ಯಾಕೆ ಯಜಮಾನ್ರೇ ಬೇಜಾರು? ಗೇಟ್ ಆಚೆ ಫೈಬರ್ ಕಲ್ಲು ನಿಲ್ಸಿದೀವಲ್ಲ, ಡಿಟ್ಟೋ ಅದೇ. ಅದಕ್ಕೆ ಏನ್ ಬೇಕಾದ್ರೂ ಹಚ್ಚಿ, ಒರೆಸಿದ್ರೆ ಹೋಗುತ್ತೆ."

"ನಿಮ್ಮಪ್ಪನ್ ತಿಥೀನ ಗೊಂಬೆ ಮುಂದೆ ಮಾಡ್ತೀಯೇನಯ್ಯ?"

ಲೋಕೇಶನಿಗೆ ಮಧ್ಯಾಹ್ನದ ಶಿಫ್ಟ್. "ಬಿಡಪ್ಪ, ದೇವ್ರು ಎಲ್ಲಾ ಕಡೆ ಇರ್ತಾನೆ. ಮುಗ್ಸಣ."

"ದೇವ್ರು ಇರ್ತಾನೆ ಕಣ್ಲಾ. ತಾತ ಇರಾಕಿಲ್ಲ. ಅವ್ನು ಸತ್ತಿದ್ದು ಅಲ್ಲಿ."

ಬಿಸಿಲಿಗೆ ಮಗು ಕಿರುಚತೊಡಗಿತು. ದೀಪಶ್ರೀ ಅದನ್ನೆತ್ತಿಕೊಂಡು ಹೋಗಿ ಫೈಬರ್ ಕಲ್ಲಿನ ಮುಂದೆ ಕುಳಿತಳು. ಕ್ಷೌರಿಕ ನೀರು ಚಿಮುಕಿಸಿದ. ವಾಕಿಂಗಿನವರು ಮೊಬೈಲ್ ಎತ್ತಿದರು; ನಾನೂ ಎತ್ತಿದೆ. ಚಿಕ್ಕಮುನಿಯಪ್ಪ ಮಾತ್ರ ತೋಪಿನ ಕಡೆ ಮುಖ ಮಾಡಿ ನಿಂತಿದ್ದ.

"ಯಜಮಾನ್ರೇ, ಈ ಕಡೆ ತಿರುಗಿ. ಫೋಟೋದಲ್ಲಿ ಹಳಬರೊಬ್ರು ಇದ್ರೆ ಚೆನ್ನಾಗಿರುತ್ತೆ," ಎಂದು ರುದ್ರೇಶ್ ಕೂಗಿದ. ಆತ ತಿರುಗಲಿಲ್ಲ.

ಮುಡಿ ಇಳಿಯಿತು. ಕಲ್ಲಿನ ಬುಡದಲ್ಲಿ ಹೂಳಲು ಮಣ್ಣಿರಲಿಲ್ಲ, ಸುತ್ತ ಬರೀ ಸಿಮೆಂಟ್. ಬಸಲಿಂಗ ಕೂದಲು ಗುಡಿಸಿಕೊಂಡು ಎರಡು ಕಸದ ಡಬ್ಬಿಗಳ ನಡುವೆ ನಿಂತ.

"ಸರ, ಇದು ಹಸಿಕಸೇನ್ರೀ, ಒಣಕಸೇನ್ರೀ?"

ರುದ್ರೇಶ್ ನನ್ನ ಕಡೆ ನೋಡಿದ. ಅಪಾರ್ಟ್‌ಮೆಂಟಿನ ಕಸದ ಕಮಿಟಿಯಲ್ಲಿರುವವನು ನಾನೇ ತಾನೆ.

"ಒಣಕಸ" ಎಂದೆ.