ಭಟ್ಟಿಗೆ ಬರಬೇಕಿದ್ದ ರೋಬೋ ಕೈ

ಕಾದ ಮರಳಿಗೆ ಅಕ್ಕಿ ಬಿದ್ದಾಗ ಏಳುವ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ನಮ್ಮ ಮೇಡಂ ನೆನಪಾಗುತ್ತಾರೆ. ಹಿಂದೆಯೇ ಸಿಟ್ಟು ಬರುತ್ತದೆ. ಮೊನ್ನೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಓಣಿಯಲ್ಲಿ ಹೋಗುವಾಗಲೂ ಹಾಗೇ ಆಯಿತು.

ಮೇಡಂ ಕಾಲೇಜಿನಲ್ಲಿ ನಮಗೆ ರೋಬೋಟಿಕ್ಸ್ ಕಲಿಸುತ್ತಿದ್ದರು. ಭಟ್ಟಿಯ ಬೆಂಕಿ, ಹೊಗೆಯ ಮುಂದೆ ನಿಂತವರ ಎದೆ ಹಾಳಾಗುವುದನ್ನು ಕಂಡು, ಮರಳು ತಿರುವುವ ಒಂದು ರೋಬೋ ಕೈ ಮಾಡಲು ಹಟ ಹಿಡಿದಿದ್ದರು. ಭಟ್ಟಿಯವರ ಪಕ್ಕ ಕೂತು ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತ, "ಇದಕ್ಕ ಇನ್ನೂ ಮರಳಿನ ಹದ ತಿಳಿಯಲ್ಲ ರೀ. ನೀವು ನಿಂತು ನಡೆಸ್ಬೇಕು. ಕೆಲ್ಸ ನಿಮ್ದ, ಬೆಂಕಿ ಮಾತ್ರ ಇದಕ್ಕ" ಎನ್ನುತ್ತಿದ್ದರು. ನಮಗೂ ಅದೇ ಪಾಠ. ಯಂತ್ರಕ್ಕೆ ಬಾರದ್ದನ್ನು ಮೊದಲು ಹೇಳಬೇಕು, ಬರುವುದನ್ನು ಆಮೇಲೆ. ಕೊನೆಗೆ ಭಟ್ಟಿಯ ಹಿರಿಯರೊಬ್ಬರು, "ತರ್ರಿ, ನಮ್ಮಲ್ಲೇ ಇಟ್ಟು ನೋಡಾಣ" ಎಂದು ಒಪ್ಪಿದರು.

ಅಷ್ಟರಲ್ಲಿ ಹರಿಹರದಲ್ಲೊಂದು ವಿಜ್ಞಾನ ಮೇಳ ಬಂತು. ಮೇಡಂ ಭಟ್ಟಿಯವರನ್ನೆಲ್ಲ ಕರೆಸಿದ್ದರು. ಸಂಘಟಕರಿಗೆ ಮರಳು, ಹೊಗೆಯ ಕಥೆ ಯಾಕೆ ಬೇಕು? ಆ ಕೈಗೆ ಜರಿ ಶಾಲು ಸುತ್ತಿ ಮುಖ್ಯ ಅತಿಥಿಗೆ ಹಾರ ಹಾಕಿಸಿದರು. ಪರದೆಯ ಹಿಂದೆ ಸಂಘಟಕರ ಕಡೆಯವನೊಬ್ಬ ಕೂತು ಅದನ್ನು ರಿಮೋಟಿನಲ್ಲಿ ಆಡಿಸುತ್ತಿದ್ದ. ನಿರೂಪಕ ಮಾತ್ರ, "ತಾನೇ ಯೋಚಿಸುವ ರೋಬೋ! ಹತ್ತು ಆಳಿನ ಕೆಲಸ ಇದೊಂದೇ ಮಾಡುತ್ತದೆ!" ಎಂದು ಕೂಗಿದ. ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಭಟ್ಟಿಯವರು ಕೈಕಟ್ಟಿ ಕೂತಿದ್ದರು.

ಮೇಡಂ ವೇದಿಕೆ ಹತ್ತಿ ಮೈಕ್ ಹಿಡಿದರು. ಬಾಯಿ ತೆರೆಯುವಷ್ಟರಲ್ಲಿ ಸಂಘಟಕರು ಮೈಕ್ ಆರಿಸಿ ಹಾಡು ಹಚ್ಚಿದರು. "ಸುಳ್ಳು ರೀ! ಯಾರ ಕೆಲ್ಸನೂ ಹೋಗಲ್ಲ!" ಎಂದು ಮೇಡಂ ಕೂಗಿದ್ದು ಮುಂದಿದ್ದ ನಮಗಷ್ಟೇ ಕೇಳಿಸಿತು… ಜನರಿಗೆ ವಿಜ್ಞಾನ ತಿಳಿಸುವುದೆಂದರೆ ಅವರ ಕಿವಿ ಮೇಲೆ ಹೂ ಇಡುವುದೇ? ನಾಚಿಕೆಯಾಗಬೇಕು ಇವರಿಗೆ! ಆಮೇಲೆ ಭಟ್ಟಿಯಲ್ಲಿ ಮೇಡಂ ಜೊತೆ ಯಾರೂ ಮಾತಾಡಲಿಲ್ಲ. ಆ ಕೈ ಲ್ಯಾಬಿನಲ್ಲೇ ತುಕ್ಕು ಹಿಡಿಯಿತು. ಹೋದ ವರ್ಷ ಮೇಡಂ ತೀರಿಕೊಂಡರು.

ಮೊನ್ನೆ ಆ ಹಿರಿಯರು ನನ್ನ ಗುರುತು ಹಿಡಿದರು. ಈಗಲೂ ಅದೇ ಬೆಂಕಿ. ಮಾತಿಗಿಂತ ಕೆಮ್ಮೇ ಹೆಚ್ಚು.

"ಅವತ್ತು ನಿಮ್ಮ ಮೇಡಂ ಏನೋ ಕೂಗ್ತಿದ್ರಲ್ಲ… ಏನಂದ್ರು ರೀ?"

ಹೇಳಿದೆ. ಅವರು ಈಗಿಲ್ಲ ಎಂಬುದನ್ನೂ ಹೇಳಿದೆ.

ಹಿರಿಯರು ಮರಳು ತಿರುವುವುದನ್ನು ನಿಲ್ಲಿಸಿದರು.

"ಮೇಳ ಮುಗಿದ ಮ್ಯಾಲ ನಮ್ಮ ಬಾಗ್ಲತನಕ ಬಂದಿದ್ರು ನಿಮ್ಮ ಮೇಡಂ," ಎಂದರು. "ನಾನ ಕೂಡ್ರಿ ಅನ್ಲಿಲ್ಲ."